ಎರಡನೇ ವಾರದ ಔಷಧ

‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ ಎಂದು ಮನೆಮನೆಯಲ್ಲಿ ಕಷಾಯ ಕುದಿಯುತ್ತಿದ್ದಾಗ, ಆಸ್ಪತ್ರೆಗಳಲ್ಲಿ ಅದೇ ಶಕ್ತಿಯನ್ನು ತಗ್ಗಿಸುವ ಸ್ಟಿರಾಯ್ಡ್ ಕೊಟ್ಟರಲ್ಲ, ಯಾಕೆ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ಕೋವಿಡ್‌ ಕುರಿತು ಕೇಳಲೇಬೇಕಾದ ಪ್ರಶ್ನೆ ಇದು.

ವೈರಸ್ ಹೊಕ್ಕ ಜೀವಕೋಶ ಮೊದಲು ಮಾಡುವ ಕೆಲಸ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಚೆಲ್ಲುವುದು. ಅದು ತಾಗಿದ ಅಕ್ಕಪಕ್ಕದ ಕೋಶಗಳು ವೈರಸ್ಸಿಗೆ ಎಡೆಗೊಡದಂತೆ ಸಜ್ಜಾಗುತ್ತವೆ. 1957ರಲ್ಲಿ ಲಂಡನ್ನಿನ ಮಿಲ್ ಹಿಲ್‌ನಲ್ಲಿ ಅಲಿಕ್ ಐಸಾಕ್ಸ್ ಮತ್ತು ಝಾನ್ ಲಿಂಡೆನ್‌ಮನ್ ಇದನ್ನು ಪತ್ತೆ ಹಚ್ಚಿದರು. ಕೊರೊನಾ ವೈರಸ್ಸಿನ ಜಾಣತನ ಇರುವುದು ಈ ಮೊದಲ ಕೂಗನ್ನೇ ಅಡಗಿಸುವುದರಲ್ಲಿ. 2020ರಲ್ಲಿ ಝಾನ್ ಲೋರಾ ಕಾಸನೋವಾ ಅವರ ತಂಡ ಇನ್ನೂ ವಿಚಿತ್ರವಾದುದನ್ನು ಕಂಡಿತು. ಸ್ಥಿತಿ ಗಂಭೀರವಾಗಿದ್ದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ಸ್ವಂತ ಇಂಟರ್‌ಫೆರಾನನ್ನೇ ನಿಷ್ಕ್ರಿಯಗೊಳಿಸುವ ಪ್ರತಿಕಾಯಗಳಿದ್ದವು. ಅವರಲ್ಲಿ 95 ಮಂದಿ ಗಂಡಸರು!

ಆರಂಭದಲ್ಲಿ ತಡೆಯಿಲ್ಲದೆ ವೈರಸ್ ಹಬ್ಬಿದರೆ ದೇಹ ತಡವಾಗಿ, ಅಳತೆ ಮೀರಿ ಪ್ರತಿಕ್ರಿಯಿಸುತ್ತದೆ. ಸಾಮಾನ್ಯವಾಗಿ ಇದು ಎರಡನೇ ವಾರದ ಕಥೆ. ಅಷ್ಟರಲ್ಲಿ ವೈರಸ್ ಇಳಿಮುಖವಾಗಿರುತ್ತದೆ, ಉರಿಯೂತ ಏರುತ್ತಿರುತ್ತದೆ. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಸೋರಿ ಗಾಳಿಗೂಡುಗಳಲ್ಲಿ ದ್ರವ ತುಂಬಿಕೊಂಡರೆ, ಎಷ್ಟು ಉಸಿರೆಳೆದರೂ ರಕ್ತಕ್ಕೆ ಆಮ್ಲಜನಕ ಸಾಲದು. ಇಲ್ಲಿ ರೋಗಿಯನ್ನು ಕೊಲ್ಲುತ್ತಿರುವುದು ಹೆಚ್ಚಾಗಿ ಅವನದೇ ರಕ್ಷಣಾ ಪಡೆ.

ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೆಲಸಕ್ಕೆ ಬಂದದ್ದು ಈ ಹಂತದಲ್ಲಿ. ಆರು ದಶಕ ಹಳೆಯ, ಕೆಲವೇ ರೂಪಾಯಿಗೆ ಸಿಗುವ ಮದ್ದು. ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ ಮತ್ತು ಮಾರ್ಟಿನ್ ಲ್ಯಾಂಡ್ರೇ ಮುನ್ನಡೆಸಿದ ‘ರಿಕವರಿ’ ಪ್ರಯೋಗದಲ್ಲಿ ರೋಗಿಗಳನ್ನು ಚೀಟಿ ಎತ್ತಿದಂತೆ ವಿಂಗಡಿಸಿ, 2,104 ಮಂದಿಗೆ ದಿನಕ್ಕೆ 6 ಮಿಲಿಗ್ರಾಂನಂತೆ ಗರಿಷ್ಠ ಹತ್ತು ದಿನ ಕೊಟ್ಟರು. 4,321 ಮಂದಿಗೆ ಎಂದಿನ ಚಿಕಿತ್ಸೆ ಮಾತ್ರ. ವೆಂಟಿಲೇಟರಿನಲ್ಲಿದ್ದವರ ಸಾವಿನ ಪ್ರಮಾಣ ಶೇ 41.4ರಿಂದ 29.3ಕ್ಕೆ ಇಳಿಯಿತು. ಆಮ್ಲಜನಕ ಪಡೆಯುತ್ತಿದ್ದವರಲ್ಲೂ ಇಳಿಯಿತು. ಆಮ್ಲಜನಕವೇ ಬೇಕಿಲ್ಲದವರಿಗೆ ಮಾತ್ರ ಯಾವ ಲಾಭವೂ ಕಾಣಲಿಲ್ಲ. ಹಾನಿಯಾಗಬಹುದೆಂಬ ಅನುಮಾನ ಉಳಿಯಿತು. ದುಬಾರಿ ಔಷಧಗಳ ಸುತ್ತ ಎದ್ದ ಗದ್ದಲದ ನಡುವೆ, ಅಚ್ಚುಕಟ್ಟಾದ ಒಂದು ಪ್ರಯೋಗ ಹಳೆಯ ಮಾತ್ರೆಯಿಂದ ಇಷ್ಟು ಜೀವ ಉಳಿಸಿದ್ದು ನನಗೆ ಇಂದಿಗೂ ರೋಮಾಂಚನ ತರುತ್ತದೆ.

ದುಃಖದ ಸಂಗತಿಯೆಂದರೆ, ಆ ಫಲಿತಾಂಶದ ಅರ್ಧ ಭಾಗ ಮಾತ್ರ ಜನಪ್ರಿಯವಾಯಿತು. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಸ್ಟಿರಾಯ್ಡ್ ನುಂಗಿದವರಿದ್ದರು. ವೈರಸ್ ಇನ್ನೂ ಏರುತ್ತಿರುವ ಹೊತ್ತಿನಲ್ಲಿ ದೇಹದ ಕೈ ಕಟ್ಟಿದಂತಾಯಿತು. ಜತೆಗೆ ಸ್ಟಿರಾಯ್ಡ್ ರಕ್ತದ ಸಕ್ಕರೆಯನ್ನೂ ಏರಿಸುತ್ತದೆ. ಮಣ್ಣಿನಲ್ಲಿ, ಕೊಳೆತ ಎಲೆಗಳಲ್ಲಿ ಸದಾ ಇರುವ ಮ್ಯೂಕರೇಲ್ಸ್ ಗುಂಪಿನ ಬೂಷ್ಟಿಗೆ ತಗ್ಗಿದ ರೋಗನಿರೋಧಕ ಶಕ್ತಿ, ಏರಿದ ಸಕ್ಕರೆ ಎರಡೂ ಅನುಕೂಲ. ಕರ್ನಾಟಕವೂ ಸೇರಿ ದೇಶದಾದ್ಯಂತ ಈ ಬೂಷ್ಟಿನಿಂದ ಬರುವ ಕಪ್ಪು ಶಿಲೀಂಧ್ರ ರೋಗ ಹಬ್ಬಿದಾಗ, ಅದಕ್ಕೆ ತುತ್ತಾದವರಲ್ಲಿ ಬಹುಪಾಲು ಮಧುಮೇಹಿಗಳು ಮತ್ತು ಸ್ಟಿರಾಯ್ಡ್ ಪಡೆದಿದ್ದವರು.