ಡಬ್ಬಿಯ ಹೆಸರು, ಒಳಗಿನ ಎಣ್ಣೆ

ಹರಳೆಣ್ಣೆಯನ್ನು ನಮ್ಮ ಹಿರಿಯರು ದೀಪಕ್ಕೆ ಹಾಕಿದರು, ಅಭ್ಯಂಜನದ ದಿನ ಮಕ್ಕಳ ನೆತ್ತಿಗೆ ತಟ್ಟಿದರು. ಹುಲ್ಲು ಸುಟ್ಟ ಕರಿಯನ್ನು ಅದಕ್ಕೆ ಬೆರೆಸಿ ಎತ್ತಿನ ಗಾಡಿಯ ಅಚ್ಚಿಗೆ ಸವರಿದರು. ಕೀಲೆಣ್ಣೆ ಎಂಬ ಸೊಗಸಾದ ಮಾತು ನಮಗೆ ಬಂದಿರುವುದು ಈ ಕೊನೆಯ ಉಪಯೋಗದಿಂದ. ಇದೇ ಹರಳೆಣ್ಣೆ ಇಂದಿನ ಒಂದು ಜಗತ್ಪ್ರಸಿದ್ಧ ಮೋಟಾರು ಎಣ್ಣೆಯ ಹೆಸರಿನಲ್ಲಿ ಅಡಗಿ ಕುಳಿತಿದೆಯೆಂಬುದು ಅನೇಕರಿಗೆ ತಿಳಿದಿರಲಾರದು. ಚಾರ್ಲ್ಸ್ ವೇಕ್‌ಫೀಲ್ಡ್ ಎಂಬಾತ 1899ರಲ್ಲಿ ಲಂಡನ್ನಿನಲ್ಲಿ ಕೀಲೆಣ್ಣೆಯ ವ್ಯಾಪಾರವನ್ನು ಆರಂಭಿಸಿದ. ಹತ್ತು ವರ್ಷಗಳ ಅನಂತರ, ಮೋಟಾರು ಗಾಡಿಗಳೂ ವಿಮಾನಗಳೂ ಕಾಣಿಸಿಕೊಳ್ಳುತ್ತಿದ್ದ ಕಾಲದಲ್ಲಿ, ಆತನ ಸಂಸ್ಥೆ ಖನಿಜ ತೈಲಕ್ಕೆ ಹರಳೆಣ್ಣೆಯನ್ನು ಬೆರೆಸಿ ಹೊಸದೊಂದು ಎಣ್ಣೆಯನ್ನು ಮಾರುಕಟ್ಟೆಗೆ ತಂದಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್ ಎಂದು ಹೆಸರಷ್ಟೆ. ಅದರಿಂದ ಆ ಎಣ್ಣೆ ‘ಕ್ಯಾಸ್ಟ್ರಾಲ್’ ಆಯಿತು.

ಕಾಲಕ್ರಮದಲ್ಲಿ, ಓಟದ ಸ್ಪರ್ಧೆಯ ಗಾಡಿಗಳಿಗೆಂದು ಮಾಡಿದ ಒಂದು ಬಗೆಯನ್ನುಳಿದು, ಸಾಮಾನ್ಯ ಡಬ್ಬಿಗಳಿಂದ ಹರಳೆಣ್ಣೆ ಮಾಯವಾಯಿತು. ಹೆಸರು ಮಾತ್ರ ನಿಂತಿತು. ಇದರಿಂದ ಯಾರಿಗೂ ನಷ್ಟವಾಗಲಿಲ್ಲ. ಆ ಹೆಸರನ್ನು ನೋಡಿ ಒಳಗೆ ಹರಳೆಣ್ಣೆಯಿದೆಯೆಂದು ಕೊಳ್ಳುವವರು ಉಳಿದಿರಲಿಲ್ಲ. ಆದರೆ ಇದೇ ಸಂಸ್ಥೆ 1997ರ ಕೊನೆಯ ವೇಳೆಗೆ ಅಮೆರಿಕದಲ್ಲಿ ಮಾಡಿದ ಇನ್ನೊಂದು ಬದಲಾವಣೆ ಇಷ್ಟು ಸದ್ದಿಲ್ಲದೆ ಮುಗಿಯಲಿಲ್ಲ. ಈ ಸಲ ಪ್ರಶ್ನೆ ಎದ್ದದ್ದು ಹೆಸರಿನ ಮೇಲಲ್ಲ, ಡಬ್ಬಿಯ ಮೇಲಿದ್ದ ಒಂದು ವಿಶೇಷಣದ ಮೇಲೆ.

ಆ ವಿಶೇಷಣ ‘ಸಿಂಥೆಟಿಕ್’. ನಮ್ಮ ವಿಜ್ಞಾನದ ಪುಸ್ತಕಗಳ ಮಾತಿನಲ್ಲಿ ಸಂಶ್ಲೇಷಿತ. ಅದರ ಅರ್ಥ ಸ್ಪಷ್ಟವಾಗಬೇಕಾದರೆ ಮೋಟಾರು ಎಣ್ಣೆಯ ಒಳಗನ್ನು ಸ್ವಲ್ಪ ನೋಡಬೇಕು. ಡಬ್ಬಿಯಲ್ಲಿರುವುದರಲ್ಲಿ ಸಾಧಾರಣವಾಗಿ ಮುಕ್ಕಾಲು ಪಾಲಿಗೂ ಮಿಗಿಲಾದುದು ಮೂಲತೈಲ. ಮಿಕ್ಕದ್ದು ಸವೆತವನ್ನು ತಡೆಯುವ, ಕಿಟ್ಟವನ್ನು ಕರಗಿಸಿಡುವ, ನೊರೆಯನ್ನು ಅಡಗಿಸುವ ಮದ್ದುಗಳು. ಮೂಲತೈಲವನ್ನು ಪಡೆಯುವ ಹಳೆಯ ವಿಧಾನ ಮೊರದಲ್ಲಿ ಅಕ್ಕಿಯನ್ನು ಕೇರಿದಂತೆ. ನೆಲದಿಂದ ಬಂದ ಕಚ್ಚಾ ತೈಲವನ್ನು ಬಟ್ಟಿಯಿಳಿಸಿ, ಅದರೊಳಗಿನ ಬೇಡದ ಅಣುಗಳನ್ನು ದ್ರಾವಕಗಳಿಂದ ಬೇರ್ಪಡಿಸಿ, ಮೇಣವನ್ನು ತೆಗೆದು, ಉಳಿದದ್ದನ್ನು ಬಳಸುವುದು. ಉಳಿಯುವುದು ಪ್ರಕೃತಿ ಕೊಟ್ಟ ಕಾಳೇ. ಎಷ್ಟು ಕೇರಿದರೂ ಒಂದೆರಡು ಕಲ್ಲು ನಿಲ್ಲುತ್ತವೆ.

ಎರಡನೆಯ ವಿಧಾನ ಹೂವನ್ನು ಒಂದೊಂದಾಗಿ ಪೋಣಿಸಿ ಮಾಲೆ ಕಟ್ಟಿದಂತೆ. ಎಥಿಲೀನ್ ಎಂಬ ಪುಟ್ಟ ಅನಿಲದ ಅಣುಗಳಿಂದ ಹತ್ತು ಕಾರ್ಬನ್ನುಗಳ ಸರಪಣಿಯನ್ನು ಮಾಡಿ, ಅಂಥ ಕೆಲವು ಸರಪಣಿಗಳನ್ನು ಜೋಡಿಸಿದರೆ ಪಾಲಿ ಆಲ್ಫಾ ಓಲಿಫಿನ್ ಎಂಬ ತೈಲ ದೊರೆಯುತ್ತದೆ. ಇದರಲ್ಲಿ ಕಲ್ಲಿಲ್ಲ, ಏಕೆಂದರೆ ಕಲ್ಲನ್ನು ಯಾರೂ ಪೋಣಿಸಿಲ್ಲ. ಸೊನ್ನೆಯ ಕೆಳಗೆ 50 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿಯೂ ಇದು ಹೆಪ್ಪುಗಟ್ಟದೆ ಹರಿಯಬಲ್ಲುದು. ಬೆಲೆ ಮಾತ್ರ ಹೆಚ್ಚು. ಮೊಬಿಲ್ ಕಂಪನಿ 1970ರ ದಶಕದಲ್ಲಿ ‘ಮೊಬಿಲ್ 1’ ಎಂಬ ಎಣ್ಣೆಯನ್ನು ಮುಂದಿಟ್ಟ ಮೇಲೆ, ಸಿಂಥೆಟಿಕ್ ಎಂದರೆ ಹೀಗೆ ಕಟ್ಟಿದ ತೈಲ ಎಂಬ ಭಾವನೆ ಅಮೆರಿಕದ ಗಿರಾಕಿಗಳಲ್ಲಿ ಬೇರೂರಿತು. ಕ್ಯಾಸ್ಟ್ರಾಲಿನ ‘ಸಿನ್‌ಟೆಕ್’ ಎಂಬ ಎಣ್ಣೆಯೂ ಮೊದಲು ಈ ತೈಲದಿಂದಲೇ ಆದದ್ದು. ಹೆಸರಿನ ಮೊದಲ ಅಕ್ಷರಗಳೇ ಅದನ್ನು ಸಾರುತ್ತಿದ್ದವು.

ಇವೆರಡರ ನಡುವೆ ಮೂರನೆಯ ವಿಧಾನವೊಂದು ಬಲಿಯುತ್ತ ಬಂದಿತು. ಇದು ಕೇರುವುದೂ ಅಲ್ಲ, ಪೋಣಿಸುವುದೂ ಅಲ್ಲ. ಕಾಳನ್ನೇ ಒಡೆದು ಬೇರೆ ಕಾಳಾಗಿಸುವುದು. ಕಚ್ಚಾ ತೈಲದ ಭಾರವಾದ ಭಾಗವನ್ನು ಹೆಚ್ಚಿನ ಶಾಖದಲ್ಲಿ, ಬಲವಾದ ಒತ್ತಡದಲ್ಲಿ, ವೇಗವರ್ಧಕಗಳ ಸನ್ನಿಧಿಯಲ್ಲಿ ಜಲಜನಕದೊಡನೆ ವರ್ತಿಸಗೊಡುತ್ತಾರೆ. ಉಂಗುರದಾಕಾರದ ಅಣುಗಳು ಬಿಚ್ಚಿಕೊಳ್ಳುತ್ತವೆ, ಗಂಧಕ ಹೊರಟುಹೋಗುತ್ತದೆ. ಹಿಂದೆ ತೆಗೆದು ಹಾಕುತ್ತಿದ್ದ ಮೇಣದ ನೀಳ ಅಣುಗಳು ಈಗ ಕವಲೊಡೆದು ತಾವೇ ಎಣ್ಣೆಯಾಗುತ್ತವೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಮೂಲತೈಲಗಳನ್ನು ಐದು ವರ್ಗಗಳಾಗಿ ವಿಂಗಡಿಸಿದೆ; ಪಾಲಿ ಆಲ್ಫಾ ಓಲಿಫಿನ್ ನಾಲ್ಕನೆಯದು. ಹೀಗೆ ಮಾರ್ಪಟ್ಟ ತೈಲ, ಅದರ ಸ್ನಿಗ್ಧತಾ ಸೂಚಿ 120ನ್ನು ಮುಟ್ಟಿದರೆ, ಮೂರನೆಯದು. ಕಾವೇರಿದಾಗ ಎಣ್ಣೆ ತೀರ ತೆಳುವಾಗದೆ, ತಣಿದಾಗ ತೀರ ಮಂದವಾಗದೆ ಇರುವ ಗುಣಕ್ಕೆ ಕೊಡುವ ಅಂಕವೇ ಈ ಸೂಚಿ.

ಕ್ಯಾಸ್ಟ್ರಾಲ್ ಮಾಡಿದ್ದೇನೆಂದರೆ, ಸಿನ್‌ಟೆಕ್ ಡಬ್ಬಿಯಲ್ಲಿ ನಾಲ್ಕನೆಯ ವರ್ಗದ ತೈಲದ ಜಾಗಕ್ಕೆ ಅಗ್ಗವಾದ ಮೂರನೆಯ ವರ್ಗದ್ದನ್ನು ತಂದದ್ದು. ಡಬ್ಬಿಯ ಮೇಲಿನ ಸಿಂಥೆಟಿಕ್ ಎಂಬ ಮಾತು ಕದಲಲಿಲ್ಲ. ಮೊಬಿಲ್ ಇದನ್ನು ಪತ್ತೆಮಾಡಿ, ಜಾಹೀರಾತುಗಳ ನಿಜಾನಿಜಗಳನ್ನು ವಿಚಾರಿಸುವ ಅಮೆರಿಕದ ರಾಷ್ಟ್ರೀಯ ಜಾಹೀರಾತು ವಿಭಾಗದ ಮುಂದೆ ದೂರು ಒಯ್ದಿತು. ಇದು ಸರ್ಕಾರದ ನ್ಯಾಯಾಲಯವಲ್ಲ. ವ್ಯಾಪಾರಿಗಳು ತಮ್ಮತಮ್ಮೊಳಗೆ ಏರ್ಪಡಿಸಿಕೊಂಡ ಪಂಚಾಯಿತಿ.

ವಾದವನ್ನು ಓದಿದರೆ ಅದು ಎಣ್ಣೆಯ ವಾದವೆಂದು ತೋರುವುದೇ ಇಲ್ಲ. ಇಬ್ಬರು ನಿಘಂಟುಕಾರರ ಜಗಳದಂತಿದೆ. ಸಣ್ಣ ಅಣುಗಳಿಂದ ಕಟ್ಟಿದ್ದು ಮಾತ್ರವೇ ಸಂಶ್ಲೇಷಿತ, ಇದು ಹೆಚ್ಚು ಶುದ್ಧಗೊಳಿಸಿದ ಖನಿಜ ತೈಲವಷ್ಟೆ ಎಂದು ಮೊಬಿಲ್ ಹೇಳಿತು. ರಾಸಾಯನಿಕ ಕ್ರಿಯೆಯಿಂದ ಅಣುವಿನ ರಚನೆಯೇ ಬದಲಾಗಿರುವಾಗ ಅದು ಹೊಸ ವಸ್ತುವಲ್ಲದೆ ಮತ್ತೇನು ಎಂದು ಕ್ಯಾಸ್ಟ್ರಾಲ್ ಕೇಳಿತು. ಮೋಟಾರು ಎಂಜಿನಿಯರುಗಳ ಸಂಘ ತನ್ನ ದಾಖಲೆಯಿಂದ ಸಂಶ್ಲೇಷಿತ ತೈಲದ ಹಳೆಯ ವಿವರಣೆಯನ್ನು ಅದಾಗಲೇ ತೆಗೆದುಹಾಕಿತ್ತು. ಇದು ಕ್ಯಾಸ್ಟ್ರಾಲಿನ ಕೈಗೆ ಒಳ್ಳೆಯ ಆಯುಧವಾಯಿತು. 1999ರಲ್ಲಿ ತೀರ್ಮಾನ ಅದರ ಕಡೆಗೇ ಬಂದಿತು: ಸಿಂಥೆಟಿಕ್ ಎಂದು ಕರೆದುಕೊಳ್ಳಲು ಅದಕ್ಕೆ ತಕ್ಕ ಆಧಾರವಿದೆ. ಅನಂತರ ಇತರ ಕಂಪನಿಗಳೂ ಅದೇ ಹಾದಿಯನ್ನು ಹಿಡಿದವು. ಹುಟ್ಟನ್ನು ಹೇಳುತ್ತಿದ್ದ ಒಂದು ಶಬ್ದ ಅಂದಿನಿಂದ ಅಮೆರಿಕದ ಅಂಗಡಿಗಳಲ್ಲಿ ಗುಣವನ್ನು ಹೊಗಳುವ ಶಬ್ದವಾಯಿತು.

ಇಲ್ಲಿ ಯಾರ ಪಕ್ಷ ವಹಿಸಬೇಕು? ಮೊಬಿಲ್ ಕೂಡ ನಿಸ್ವಾರ್ಥಿಯಲ್ಲ; ದುಬಾರಿ ತೈಲವನ್ನು ತಯಾರಿಸುವ ಕಾರ್ಖಾನೆಗಳು ಅದಕ್ಕಿದ್ದವು. ಮೂರನೆಯ ವರ್ಗದ ತೈಲವನ್ನು ಕೆಟ್ಟದ್ದೆನ್ನುವಂತೆಯೂ ಇಲ್ಲ. ಕಡುಚಳಿಯಲ್ಲಿ ಅದು ನಾಲ್ಕನೆಯದರಷ್ಟು ಸರಾಗವಾಗಿ ಹರಿಯದೆಂಬುದು ನಿಜ, ಆದರೆ ತಕ್ಕ ಮದ್ದುಗಳು ಬೆರೆತಾಗ ಸಾಮಾನ್ಯ ಎಂಜಿನ್ನನ್ನು ಚೆನ್ನಾಗಿಯೇ ಕಾಯುತ್ತದೆ. ರಸಾಯನಶಾಸ್ತ್ರದ ದೃಷ್ಟಿಯಿಂದ ಕ್ಯಾಸ್ಟ್ರಾಲಿನ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ನನಗೆ ಒಪ್ಪಿಗೆಯಾಗದಿರುವುದು ಬೇರೆ ಸಂಗತಿ. ಹಸುವಿನ ತುಪ್ಪವೆಂದು ವರ್ಷಗಟ್ಟಲೆ ಕೊಂಡವನಿಗೆ ಒಂದು ದಿನ ಅದೇ ಪಾತ್ರೆಯಲ್ಲಿ ಎಮ್ಮೆಯ ತುಪ್ಪವನ್ನು ಅಳೆದು ಕೊಟ್ಟು, ‘ತುಪ್ಪವೆಂದರೆ ತುಪ್ಪವೇ ತಾನೇ’ ಎಂದರೆ ಹೇಗೆ? ಎಮ್ಮೆಯ ತುಪ್ಪ ರುಚಿಯಲ್ಲಿ ಕಡಮೆಯೆಂದಲ್ಲ. ಕೊಳ್ಳುವವನು ಆ ಮಾತನ್ನು ಯಾವ ಅರ್ಥದಲ್ಲಿ ನಂಬಿದ್ದನೋ ಆ ಅರ್ಥವನ್ನು ಅವನಿಗೆ ತಿಳಿಸದೆ ಬದಲಾಯಿಸಲಾಯಿತು. ಪಂಚಾಯಿತಿಯ ಮುಂದೆ ವಾದಿಸಿದವರೆಲ್ಲ ಮಾರುವವರೇ. ಡಬ್ಬಿಯನ್ನು ಕೊಂಡು ಮನೆಗೆ ಒಯ್ದವನು ಅಲ್ಲಿರಲಿಲ್ಲ.

ಜರ್ಮನಿಯಲ್ಲಿ ಶಬ್ದ ಇಷ್ಟು ಸಡಿಲವಾಗಲಿಲ್ಲ. ಪೂರ್ಣ ಸಂಶ್ಲೇಷಿತ ಎಂಬ ಮಾತನ್ನು ಅಲ್ಲಿ ಕಟ್ಟಿದ ತೈಲಗಳಿಗೆ ಕಾದಿರಿಸಿ, ಜಲಜನಕದಿಂದ ಮಾರ್ಪಟ್ಟದ್ದಕ್ಕೆ ‘ಎಚ್‌ಸಿ ಸಿಂಥೆಸೆ’ ಎಂಬ ಬೇರೆ ಗುರುತನ್ನು ಹಾಕುವ ರೂಢಿಯಿದೆ. ಆ ಎರಡಕ್ಷರದ ಗುರುತನ್ನು ಬಲ್ಲ ಗಿರಾಕಿ ಒಳಗಿರುವುದನ್ನು ಊಹಿಸಿಕೊಳ್ಳಬಲ್ಲ.

ಆದರೂ ವರ್ಗಗಳ ಗೆರೆಯನ್ನು ದಾಟುವ ವಸ್ತು ಮತ್ತೆ ಬಂದೇ ಬಂದಿತು. ಕತಾರ್ ದೇಶದಲ್ಲಿ ಶೆಲ್ ಕಂಪನಿಯ ‘ಪರ್ಲ್’ ಎಂಬ ಭಾರಿ ಕಾರ್ಖಾನೆ 2011ರಲ್ಲಿ ಕೆಲಸವನ್ನು ಆರಂಭಿಸಿತು. ಅಲ್ಲಿ ನೆಲದಿಂದ ಬರುವ ಅನಿಲವನ್ನು ಮೊದಲು ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳಾಗಿ ಒಡೆದು, ಅವುಗಳಿಂದ ಉದ್ದವಾದ ಮೇಣದ ಸರಪಣಿಗಳನ್ನು ಕಟ್ಟಿ, ಆ ಮೇಣವನ್ನು ಜಲಜನಕದ ಕ್ರಿಯೆಯಿಂದ ಎಣ್ಣೆಯಾಗಿ ಮಾಡುತ್ತಾರೆ. ಮೊಬಿಲ್ ಹಿಂದೆ ಹಿಡಿದಿದ್ದ ಅರ್ಥದಲ್ಲಿ ಇದು ಅಚ್ಚ ಸಂಶ್ಲೇಷಿತ, ಸಣ್ಣ ಅಣುಗಳಿಂದ ಕಟ್ಟಿದ್ದು. ವರ್ಗೀಕರಣದ ಪಟ್ಟಿಯಲ್ಲಿ ಮಾತ್ರ ಅದು ಕೂರುವುದು ಮೂರನೆಯ ಸಾಲಿನಲ್ಲಿ, ಆ ದೂರಿಗೆ ಗುರಿಯಾಗಿದ್ದ ತೈಲದ ಪಕ್ಕದಲ್ಲಿ.