ಒಣಕೊಂಬೆಯ ಅಣಬೆ

ಚಳಿಗಾಲದಲ್ಲಿ ಅಣಬೆಯ ಮಾತೆತ್ತುವುದು ಅಕಾಲಿಕವೆಂದು ವಾಚಕರಿಗೆ ತೋರಿದರೆ ಆಶ್ಚರ್ಯವಿಲ್ಲ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆ ಮೊದಲೇ ಮಳೆಗೆ ಬಾಯ್ದೆರೆದು ಕುಳಿತ ಸೀಮೆ. ಹುತ್ತದ ಮೇಲೇಳುವ ಅಣಬೆ ಮಳೆಯೊಡನೆ ಬಂದು ಮಳೆಯೊಡನೆ ಹೋಗುವಂಥದು. ಆದರೆ ಮಾರ್ಗಶಿರದ ಇಬ್ಬನಿಯಲ್ಲಿ ಕುರುಚಲು ಕಾಡನ್ನು ಹೊಕ್ಕು, ಬಿದ್ದ ಕೊಂಬೆಗಳನ್ನು ಮಗುಚಿ ನೋಡಿದಾಗ ನನಗೆ ಬೇರೊಂದು ಜಾತಿ ಕಾಣಸಿಕ್ಕಿದೆ.

ಅದರ ಅಗಲ 1ರಿಂದ 4 ಸೆಂಟಿಮೀಟರು, ಆಕಾರ ಬೀಸಣಿಗೆಯದು, ಕಾಂಡವಿಲ್ಲವೆಂದೇ ಹೇಳಬೇಕು. ಮೇಲ್ಮೈ ಬೂದುಬಿಳುಪು, ಉಣ್ಣೆಯಂತೆ ರೋಮಮಯ. ಇಷ್ಟರಿಂದಲೇ ನಿರ್ಣಯಕ್ಕೆ ಬರುವುದು ಸಲ್ಲದು. ಕೆಳಭಾಗವನ್ನು ಭೂತಗನ್ನಡಿಯಿಂದ ನೋಡಬೇಕು. ಬುಡದಿಂದ ಅಂಚಿನವರೆಗೆ ಹರಡಿದ ತೆಳುಪಟ್ಟಿಗಳು ಅಲ್ಲಿವೆ. ಒಂದೊಂದು ಪಟ್ಟಿಯೂ ಉದ್ದಕ್ಕೆ ಎರಡಾಗಿ ಸೀಳಿದೆ. ಹವೆ ಒಣಗಿದಾಗ ಈ ಸೀಳುಗಳು ಸುರುಳಿಗೊಂಡು ಬೀಜಾಣುಗಳ ಮೈಯನ್ನು ಮುಚ್ಚಿಕೊಳ್ಳುತ್ತವೆ. ತೇವ ತಾಗಿದರೆ ಮತ್ತೆ ಬಿಚ್ಚಿಕೊಳ್ಳುತ್ತವೆ. ಒಂದು ಹನಿಗಾಗಿ ಹೀಗೆ ಕಾದಿರುವ ವಿದ್ಯೆ ನಮ್ಮ ಬಯಲುಸೀಮೆಯ ರೈತನಿಗೆ ಹೊಸದೇನೂ ಅಲ್ಲ!

1815ರಲ್ಲಿ ಸ್ವೀಡನ್ನಿನ ಫ್ರೀಸ್ ಪಂಡಿತ ಇದನ್ನು ಸ್ಕೈಜೋಫಿಲ್ಲಂ ಕಮ್ಯೂನ್ ಎಂದು ಕರೆದ. ಗ್ರೀಕಿನಲ್ಲಿ ಸೀಳಿದ ಎಲೆ ಎಂಬುದೇ ಆ ಮೊದಲ ಪದದ ಅರ್ಥ. ‘ಸೀಳೆಲೆ ಅಣಬೆ’ ಎಂದರೆ ಕನ್ನಡಕ್ಕೆ ಸಾಕು. ಎಲ್ಲವನ್ನೂ ನಾಯಿಕೊಡೆಯೆಂದು ತಳ್ಳಿಬಿಡುವುದಕ್ಕಿಂತ ಅದು ಲೇಸು.

ಮಣಿಪುರದಲ್ಲಿ ಕಾಂಗ್ಲಾಯೆನ್ ಎಂಬ ಹೆಸರಿನಿಂದ ಇದನ್ನು ಅಡಿಗೆಗೆ ಬಳಸುತ್ತಾರೆ. ಅಷ್ಟುಮಾತ್ರದಿಂದ ಮರದ ಮೇಲಿನ ಅಣಬೆಗಳೆಲ್ಲ ತಿನ್ನಲು ಯೋಗ್ಯವೆಂದು ಯಾರೂ ಭಾವಿಸಬಾರದು. ಯುರೋಪಿನ ಕಾಡುಗಳಲ್ಲಿ ಚಳಿಗಾಲದಲ್ಲೇ ಮರದ ಮೇಲೆ ಬೆಳೆಯುವ ಫ್ಲಾಮುಲಿನಾ ಆಹಾರಯೋಗ್ಯ. ಅದನ್ನೇ ಹೋಲುವ ಗ್ಯಾಲರಿನಾ ಮಾರಕ ವಿಷ. ಮೊದಲನೆಯದರ ಬೀಜಾಣು ಬಿಳಿ, ಎರಡನೆಯದರದು ತುಕ್ಕಿನ ಕಂದು. ಟೊಪ್ಪಿಗೆಯನ್ನು ರಾತ್ರಿಯಿಡೀ ಕಾಗದದ ಮೇಲೆ ಬೋರಲಿಟ್ಟರೆ ಈ ಬಣ್ಣ ತಿಳಿಯುತ್ತದೆ. ಭೇದವನ್ನು ತೋರಿಸುವುದು ಇಂಥ ಲಕ್ಷಣಗಳೇ ಹೊರತು, ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲವೆಂಬ ಹಳೆಯ ನಂಬಿಕೆಯಲ್ಲ. ನಾಣ್ಯಕ್ಕೆ ಆ ವಿಷದ ಗೊಡವೆಯೇ ಇಲ್ಲ. ಕುದಿಸಿದರೂ ಅದು ನಾಶವಾಗದು.

ಇನ್ನೂ ಭಯಂಕರವಾದುದು ಅದರ ನಿಧಾನ. ತಿಂದು 6 ಗಂಟೆಗೂ ಹೆಚ್ಚು ಕಾಲ ಯಾವ ಬಾಧೆಯೂ ತೋರದೆ ಇರಬಹುದು. ಆಮೇಲೆ ವಾಂತಿಭೇದಿ, ಅದು ತಗ್ಗಿ ಒಂದು ದಿನ ಗುಣವಾದಂತೆ ತೋರಿಕೆ, ಅಷ್ಟರೊಳಗೆ ಯಕೃತ್ತಿಗೆ ಹಾನಿ. ಆದುದರಿಂದ ಸಂಶಯ ಬಂದ ಕ್ಷಣವೇ ತಿಂದವರನ್ನು ಆಸ್ಪತ್ರೆಗೆ ಒಯ್ಯಬೇಕು. ಉಳಿದ ಅಣಬೆಯ ಚೂರೊಂದು ಸಿಕ್ಕಿದರೆ ಅದನ್ನೂ ಕಾಗದದಲ್ಲಿ ಸುತ್ತಿ ಜೊತೆಗೊಯ್ಯಬೇಕು.