ಅಡುಗೆಮನೆಯ ಉಪ್ಪು ಮತ್ತು ರೈತನ ಹೃದಯ

ತುಂಗಭದ್ರಾ ಅಚ್ಚುಕಟ್ಟಿನ ಸಿಂಧನೂರು, ಗಂಗಾವತಿ ಭಾಗದ ರೈತ ಬಾಂಧವರಿಗೆ ಸವಳು ಭೂಮಿ ಹೊಸ ವಿಷಯವಲ್ಲ. ನೀರು ಬಸಿಯದೆ ನಿಂತಲ್ಲಿ ಉಪ್ಪು ಮೇಲೇರಿ ನೆಲ ಬೆಳ್ಳಗಾಗುತ್ತದೆ. ಕಂಡೊಡನೆ ನಾವು ಎಚ್ಚರಗೊಳ್ಳುತ್ತೇವೆ. ದೇಹದಲ್ಲಿ ಉಪ್ಪು ಹೆಚ್ಚಾದರೆ ಇಂಥ ಗುರುತೇನೂ ಹೊರಗೆ ಕಾಣುವುದಿಲ್ಲ.

ದೇಹದ ಬಸಿಗಾಲುವೆಗಳೆನ್ನಬಹುದಾದ ಮೂತ್ರಪಿಂಡಗಳು ಒಂದು ಮಿತಿಯವರೆಗೆ ಉಪ್ಪನ್ನು ಹೊರಹಾಕುತ್ತವೆ. ಮಿಕ್ಕ ಉಪ್ಪು ನೀರನ್ನು ಹಿಡಿದಿಡುವುದರಿಂದ ರಕ್ತನಾಳಗಳಲ್ಲಿ ಒತ್ತಡ ಏರುತ್ತದೆ. ವರ್ಷಗಟ್ಟಲೆ ಹೀಗೇ ಉಳಿದರೆ ನಾಳಗಳ ಒಳಮೈ ಕೆಟ್ಟು, ಕೊಬ್ಬು ಸೇರಿ, ಹೃದಯಾಘಾತಕ್ಕೆ ದಾರಿಯಾಗುತ್ತದೆ.

ವಯಸ್ಕರೊಬ್ಬರಿಗೆ ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಉಪ್ಪನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ದಿನವೂ ತೂಗಿ ಹಾಕುವುದು ಆಗದ ಮಾತು. ಗೊಬ್ಬರವನ್ನು ಎಕರೆವಾರು ಲೆಕ್ಕ ಹಾಕುವಂತೆ ಇದನ್ನು ಮನೆವಾರು ಹಾಕುವುದೇ ಸುಲಭ. ಐವರು ವಯಸ್ಕರಿರುವ ಮನೆಗೆ 1 ಕಿಲೋ ಪೊಟ್ಟಣ ಕನಿಷ್ಠ 40 ದಿನ ಬರಬೇಕು. ಒಡೆದ ದಿನಾಂಕವನ್ನು ಪೊಟ್ಟಣದ ಮೇಲೆಯೇ ಬರೆದಿಡಿ. 25 ದಿನಕ್ಕೇ ಮುಗಿದರೆ ತಲಾ 8 ಗ್ರಾಂ ಆಯಿತು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗೆ ಬಳಸಿದ್ದೂ ಈ ಲೆಕ್ಕಕ್ಕೆ ಸೇರಬೇಕು. ದನಗಳಿಗೆ ಹಾಕಿದ್ದನ್ನು ಮಾತ್ರ ಬಿಡಿ. ಅಂಗಡಿಯ ಖಾರದ ತಿಂಡಿಗಳ ಉಪ್ಪು ಇದರ ಮೇಲಿನದು.

ಬೆವರು ಸುರಿಸಿ ದುಡಿಯುವವರಿಗೆ ಉಪ್ಪು ಹೆಚ್ಚು ಬೇಕಲ್ಲವೇ ಎಂದು ರೈತರು ಕೇಳುವುದುಂಟು. ಬೆವರಿನಲ್ಲಿ ಉಪ್ಪು ಹೋಗುವುದು ನಿಜ. ಆದರೆ ನಿತ್ಯದ ಊಟವೇ ಸಾಮಾನ್ಯವಾಗಿ ಅದನ್ನು ತುಂಬಿಕೊಡುತ್ತದೆ. ನೀರನ್ನು ಮಾತ್ರ ಧಾರಾಳವಾಗಿ ಕುಡಿಯಬೇಕು. ಅಲ್ಲದೆ ಉಳುಮೆ ಟ್ರ್ಯಾಕ್ಟರಿಗೂ ಕೊಯ್ಲು ಯಂತ್ರಕ್ಕೂ ಹೋದ ಮೇಲೆ ನಮ್ಮ ಬೆವರು ಮೊದಲಿನಷ್ಟಿಲ್ಲವೆಂಬುದನ್ನೂ ಒಪ್ಪಬೇಕು. ಊಟದ ಎಲೆಯ ತುದಿಯ ಉಪ್ಪನ್ನು ಮೊದಲು ಬಿಡಿ. ಸಾರಿಗೆ ಹಾಕುವುದನ್ನು ಸ್ವಲ್ಪಸ್ವಲ್ಪವಾಗಿ ತಗ್ಗಿಸುತ್ತ ಬಂದರೆ ಕೆಲವೇ ವಾರಗಳಲ್ಲಿ ನಾಲಗೆ ಹೊಂದಿಕೊಳ್ಳುತ್ತದೆ. ಹುಣಸೆ, ನಿಂಬೆ, ಬೆಳ್ಳುಳ್ಳಿ ಈ ಕೆಲಸಕ್ಕೆ ನೆರವಾಗುತ್ತವೆ.

ಉಪ್ಪು ತಗ್ಗಿಸಿಯೂ ಬೀಡಿ ಸೇದುತ್ತಿದ್ದರೆ ಹೃದಯಕ್ಕೆ ಅಪಾಯ ತಪ್ಪದು. ದಿನಕ್ಕೆ ಎರಡೇ ಎಂಬ ಸಮಾಧಾನವೂ ಸಲ್ಲದು. ಪೂರ್ತಿ ಬಿಟ್ಟವರಲ್ಲಿ ಧೂಮಪಾನದಿಂದ ಬಂದ ಹೆಚ್ಚುವರಿ ಅಪಾಯ ಒಂದು ವರ್ಷದಲ್ಲಿ ಸುಮಾರು ಅರ್ಧಕ್ಕಿಳಿಯುತ್ತದೆ.

ವಯಸ್ಸು 30 ದಾಟಿದವರು ಮಣ್ಣು ಪರೀಕ್ಷೆಯಂತೆ ರಕ್ತದೊತ್ತಡದ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಿಸಿಕೊಳ್ಳಬೇಕು. ಪದೇಪದೇ 140/90 ಅಥವಾ ಅದಕ್ಕಿಂತ ಹೆಚ್ಚು ಬಂದು ವೈದ್ಯರು ಮಾತ್ರೆ ಕೊಟ್ಟರೆ, ಮೈ ಹಗುರವಾಯಿತೆಂದು ನಡುವೆ ನಿಲ್ಲಿಸಬಾರದು. ಎದೆ ಹಿಂಡಿದಂತಾಗಿ, ನೋವು ತೋಳಿಗೋ ದವಡೆಗೋ ಹರಡಿ, ತಣ್ಣನೆಯ ಬೆವರು ಬಂದರೆ ವಾಯುವೆಂದು ಜೀರಿಗೆ ಕಷಾಯ ಕುಡಿಯುತ್ತ ಕೂರದೆ ಕೂಡಲೇ 108ಕ್ಕೆ ಕರೆ ಮಾಡಿ.